ಹೊಂಡಕ್ಕೆ ಶೀಟ್ ಹಾಕ್ಸಿ ಒಂದು ವರ್ಷ ಆಯ್ತು: ಬೆಸುಗೆಗೆ ಫುಲ್ ಮಾರ್ಕ್ಸ್, ಪೈಪ್ ಹತ್ರ ಮಾತ್ರ ಕೈ ಕೊಟ್ರು

ಹೋದ ವರ್ಷ ಫೆಬ್ರವರಿಯಲ್ಲಿ ನಮ್ಮ ದಾಳಿಂಬೆ ತೋಟದ ಹೊಂಡಕ್ಕೆ 500 ಮೈಕ್ರಾನ್ ಎಚ್‌ಡಿಪಿಇ ಶೀಟ್ (ಗಟ್ಟಿ ಕಪ್ಪು ಪ್ಲಾಸ್ಟಿಕ್ ಹಾಳೆ) ಹಾಕ್ಸಿದ್ವಿ. ಒಂದು ಬೇಸಿಗೆ ಒಂದು ಮಳೆಗಾಲ ಕಳೀಲಿ ಆಮೇಲೆ ಬರೆಯೋಣ ಅಂತ ಸುಮ್ನಿದ್ದೆ, ಯಾಕಂದ್ರೆ ಹಾಕಿದ ದಿನ ಎಲ್ಲಾರ ಹೊಂಡಾನೂ ಚೆನ್ನಾಗೇ ಕಾಣುತ್ತೆ. ನಮ್ದು ಹಿರಿಯೂರು ತಾಲ್ಲೂಕು. 2022ರಲ್ಲಿ ಮಾರಿಕಣಿವೆ ಡ್ಯಾಂ 89 ವರ್ಷ ಆದ್ಮೇಲೆ ಕೋಡಿ ಬಿದ್ದಾಗ ಊರೋರೆಲ್ಲ ಟ್ರ್ಯಾಕ್ಟರ್ ಹತ್ಕೊಂಡು ನೋಡೋಕೆ ಹೋಗಿದ್ವಿ, ಆದ್ರೆ ಆ ನೀರು ನಮ್ಮ ಹೊಲದ ಕಡೆ ಬರಲ್ವಲ್ಲ, ನಮಗೆ ಬೋರೇ ಗತಿ. ಒಂದೂವರೆ ಇಂಚು ನೀರು, ತ್ರೀ ಫೇಸ್ ಕರೆಂಟ್ ಬರೋದು ಅವರಿಗೆ ಮನಸ್ಸು ಬಂದಾಗ, ರಾತ್ರಿ ಎತ್ತಿದ ನೀರನ್ನ ಕೂಡಿಟ್ಕೊಂಡು ಬೆಳಿಗ್ಗೆ ಡ್ರಿಪ್‌ಗೆ ಬಿಡ್ಬೇಕು ಅಂದ್ರೆ ಹೊಂಡ ಬೇಕೇ ಬೇಕು. ಗೊರಚು ಮಣ್ಣು ಬೇರೆ. ಶೀಟ್ ಇಲ್ದೆ ಒಂದು ವರ್ಷ ನೋಡಿದ್ವಿ, ತುಂಬ್ಸಿದ ನೀರನ್ನ ಹತ್ತು ಹನ್ನೆರಡು ದಿನದಲ್ಲಿ ಭೂಮಿತಾಯಿ ಕುಡಿದು ಮುಗಿಸ್ತಿದ್ಳು.

ಹೊಂಡದ ಅಳತೆ 21 ಬೈ 21 ಮೀಟರ್, ಆಳ 3 ಮೀಟರ್, ಹೊಂಡಕ್ಕೆ ಸಬ್ಸಿಡಿ ಕೊಡೋ ಸರ್ಕಾರದ ಕೃಷಿ ಭಾಗ್ಯ ಸ್ಕೀಮ್‌ನಲ್ಲೂ ಇರೋ ಅಳತೇನೇ. ಇಳಿಜಾರು ಒಂದಕ್ಕೊಂದು (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಕೊಟ್ರೆ ತಳ 15 ಬೈ 15 ಆಗುತ್ತೆ, ತುಂಬಿದ್ರೆ ಹತ್ತತ್ರ 9.8 ಲಕ್ಷ ಲೀಟರ್. ಇದಕ್ಕೆ ಶೀಟ್ ಎಷ್ಟು ಬೇಕು ಅಂತ ಲೆಕ್ಕ ಹಾಕೋವಾಗ ತುಂಬಾ ಜನ 441 ಚದರ ಮೀಟರ್ ಅಂದ್ಕೊಂಡು ಕೊಟೇಷನ್ ನೋಡಿ ಗಾಬರಿ ಆಗ್ತಾರೆ, ನಾನೂ ಆದೆ. ಇಳಿಜಾರು ಒಂದೊಂದು ಕಡೆ 4.24 ಮೀಟರ್ ಬರುತ್ತೆ, ಮೇಲೆ ಏರಿ ಮೇಲೆ ಅರ್ಧ ಮೀಟರ್ ಬಂದು ಅಲ್ಲಿಂದ ಶೀಟಿನ ಅಂಚು ಹೂಳೋ ಕಾಲುವೆ ಒಳಗೆ ಒಂದು ಮೀಟರ್ ಹೋಗ್ಬೇಕು, ಎಲ್ಲಾ ಸೇರಿ ಒಂದು ಕಡೆಗೆ 26.5 ಮೀಟರ್, ಅಂದ್ರೆ 700 ಚದರ ಮೀಟರ್ ಚಿಲ್ಲರೆ. ನಮಗೆ ಬೆಸುಗೆ ಕೂಲಿ ಸೇರಿ ಚದರ ಮೀಟರ್‌ಗೆ 95 ರೂಪಾಯಿ ಅಂದ್ರು, ಜಿಎಸ್‌ಟಿ ಬೇರೆ.

ಪಕ್ಕದ ಹೊಲದ ಮಾವನಿಗೆ ಕೃಷಿ ಭಾಗ್ಯ ಶುರುವಾದ ಹೊಸತರಲ್ಲೇ ಹೊಂಡ ಸಿಕ್ಕಿತ್ತು, ಅವರದ್ದು ನೇಯ್ದ ಟಾರ್ಪಾಲು, ಸರ್ಕಾರಿ ಗುಣಮಟ್ಟದ ಐಎಸ್ 15351 ಮಾರ್ಕಿಂದು, ಒಂದೇ ತುಂಡಾಗಿ ಮಡಚಿ ತಂದು ಹಾಸ್ಬಿಟ್ರು, ಅರ್ಧ ದಿನದ ಕೆಲಸ. ಅದು ಕೆಟ್ಟದ್ದು ಅಂತಲ್ಲ, ಆದ್ರೆ ಬೇಸಿಗೇಲಿ ನೀರು ಕೆಳಗಿಳಿದಾಗ ಬಿಸಿಲಿಗೆ ಒಡ್ಡಿಕೊಳ್ಳೋ ಮೇಲಿನ ಭಾಗ ಮೊದಲು ಹೋಯ್ತು, ಆಮೇಲೆ ಇಲಿ ಕಡೀತು, ಈಗ ಅದ್ರಲ್ಲಿ ಮಳೆ ನೀರು ಎರಡು ವಾರ ನಿಂತ್ರೆ ಹೆಚ್ಚು. ಅದನ್ನ ನೋಡಿ ನೋಡಿ ಅಪ್ಪ, ಸಬ್ಸಿಡಿಗೆ ಕಾಯೋದು ಬೇಡ, ಕಪ್ಪು ಶೀಟೇ ಹಾಕ್ಸೋಣ ಅಂದ್ರು.

ಹಾಕಿದವರ ಹೆಸರು ಇಲ್ಲಿ ಬರೆಯಲ್ಲ, ಯಾಕೆ ಅಂತ ಕೆಳಗೆ ಓದಿದ್ರೆ ಗೊತ್ತಾಗುತ್ತೆ. ಹೇಳಿದ್ದಕ್ಕಿಂತ ಎರಡು ದಿನ ಲೇಟಾಗಿ ಬಂದ್ರು, ಐದು ಜನ, ಒಂದು ಜನರೇಟರ್. ಬಂದೋರು ಶೀಟ್ ಇಳಿಸದೆ ಮೊದಲು ಹೊಂಡಕ್ಕಿಳಿದ್ರು. ಮೇಸ್ತ್ರಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿಜಾರಿನ ಮೇಲೆಲ್ಲ ಓಡಾಡಿದ್ರು, ಕಾಲಿಗೆ ಚುಚ್ಚಿದ್ದು ಶೀಟಿಗೂ ಚುಚ್ಚುತ್ತೆ ಅಂತ. "ಅಣ್ಣ, ಜೆಸಿಬಿಯೋನು ಕಲ್ಲು ಹಂಗೇ ಬಿಟ್ಟವ್ನೆ, ಹಿಂಗಿದ್ರೆ ನಾವ್ ಹಾಸಲ್ಲ" ಅಂದ್ರು. ನನಗೆ ಕೋಪ ಬಂತು, ಆದ್ರೂ ಆಳು ಹಚ್ಚಿ ಒಂದಿಡೀ ದಿನ ಕಲ್ಲು ಆರಿಸಿ, ಬೇರು ಕಡಿದು, ಮೆದು ಮಣ್ಣು ಬಳಿಸಿ ದಿಮ್ಮಸು ಹೊಡೆಸಿದೆ. ಒಂದು ಮೂಲೇಲಿ ಕೊನ್ನಾರಿ ಇತ್ತು, ಅದನ್ನ ಗಡ್ಡೆ ಸಮೇತ ಅಗೆಸಿದ್ರು, ಅದರ ಮೊಳಕೆ ಸೂಜಿ ಇದ್ದಂಗೆ ಶೀಟನ್ನೇ ತೂತು ಮಾಡ್ಕೊಂಡು ಮೇಲೆ ಬರುತ್ತಂತೆ. ಈ ಒಂದು ದಿನಕ್ಕೆ ಈಗ ಅವರಿಗೆ ಕೈ ಮುಗೀತೀನಿ.

ಶೀಟ್ ಹಾಸೋದು ಬೆಳಿಗ್ಗೆ ಆರೂವರೆಗೇ ಶುರು. ಕಪ್ಪು ಶೀಟು ಬಿಸಿಲಿಗೆ ಹಿಗ್ಗುತ್ತೆ, ಬೆಳಗಿನ ತಂಪಿಗೂ ಮಧ್ಯಾಹ್ನದ ಉರಿಗೂ ನಮ್ಮ ಹೊಂಡದ ಉದ್ದಕ್ಕೆ ಅರ್ಧ ಅಡಿ ವ್ಯತ್ಯಾಸ ಬರುತ್ತೆ. ಅದಕ್ಕೇ ಬಿಗಿಯಾಗಿ ಎಳೆದು ಕಟ್ಟಬಾರ್ದು, ಸಡಿಲ ಬಿಡ್ಬೇಕು. ಮಧ್ಯಾಹ್ನ ಅಪ್ಪ ನೋಡಿ "ಏನಿದು ಮುದ್ದೆ ಮುದ್ದೆ ಆಗಿದೆ, ನೆಟ್ಟಗೆ ಎಳೀರಪ್ಪ" ಅಂತ ಜಗಳಕ್ಕೆ ನಿಂತ್ರು. ಮೇಸ್ತ್ರಿ ನಕ್ಕೊಂಡು "ನಾಳೆ ಬೆಳಿಗ್ಗೆ ಬಂದ್ ನೋಡಿ ಯಜಮಾನ್ರೇ" ಅಂದ್ರು, ಮಾರನೇ ದಿನ ಆರು ಗಂಟೆಗೆ ಹೋದ್ರೆ ಒಂದು ಸುಕ್ಕಿಲ್ಲ. ರೋಲ್‌ಗಳನ್ನ ಏರಿಯಿಂದ ತಳಕ್ಕೆ ಬಿಡ್ತಾರೆ, ಇಳಿಜಾರಿನಲ್ಲಿ ಜಾಯಿಂಟ್ ಮೇಲಿಂದ ಕೆಳಕ್ಕೇ ಇರ್ಬೇಕು, ಅಡ್ಡ ಬಂದ್ರೆ ಶೀಟಿನ ಭಾರ ಎಲ್ಲಾ ಜಾಯಿಂಟ್ ಮೇಲೇ ಬೀಳುತ್ತೆ.

ಇನ್ನು ಬೆಸುಗೆ. ಇದನ್ನ ಮಾತ್ರ ನಾನು ಮಗು ಥರ ಕೂತು ನೋಡಿದ್ದೀನಿ. ಇಸ್ತ್ರಿ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಮಷೀನು, ಎರಡು ಶೀಟಿನ ಅಂಚಿನ ಮಧ್ಯೆ ಬಿಸಿ ಆಪು (ಬೆಣೆ) ತೂರಿಸಿ ಹಿಂದೆ ರೋಲರ್‌ನಲ್ಲಿ ಒತ್ಕೊಂಡು ತಾನೇ ತೆವಳ್ಕೊಂಡು ಹೋಗುತ್ತೆ, ಹುಡುಗ ಬಿಹಾರದೋನು, ಬಟ್ಟೆಯಲ್ಲಿ ಧೂಳು ಒರೆಸ್ಕೊಂಡು ಮುಂದೆ ಮುಂದೆ ಹೋಗ್ತಾನೆ. ಒಂದೇ ಗೆರೆ ಅಲ್ಲ, ಜೋಡಿ ಗೆರೆ ಬೆಸೀತಾರೆ, ಮಧ್ಯೆ ಸಣ್ಣ ಓಣಿ ಥರ ಖಾಲಿ ಜಾಗ ಉಳಿಯುತ್ತೆ. ಯಾಕಪ್ಪ ಅಂದ್ರೆ ಟೆಸ್ಟ್ ಮಾಡೋಕೆ. ಎರಡೂ ತುದಿ ಮುಚ್ಚಿ, ಒಂದು ಸೂಜಿ ಚುಚ್ಚಿ, ಸೈಕಲ್ ಪಂಪ್‌ನಂಥದ್ದರಲ್ಲಿ ಗಾಳಿ ಹೊಡೆದ್ರು, ಓಣಿ ಹಾವಿನಂಗೆ ಉಬ್ಬಿಕೊಳ್ತು, ಮೀಟರ್ ಮುಳ್ಳು 30ಕ್ಕೆ ನಿಂತಿತು. ಐದು ನಿಮಿಷ ಕಾಯೋದು. ಮೂರನೇ ಜಾಯಿಂಟ್‌ನಲ್ಲಿ ಮುಳ್ಳು ನಿಧಾನಕ್ಕೆ ಇಳಿಯೋಕೆ ಶುರುವಾಯ್ತು, ಯಾರೂ ಮಾತಾಡ್ಲಿಲ್ಲ, ಸೋಪಿನ ನೀರು ಹಚ್ಕೊಂಡು ಹೋಗಿ ಗುಳ್ಳೆ ಬಂದ ಜಾಗಕ್ಕೆ ಪ್ಯಾಚ್ ಹಾಕಿದ್ರು. ನಾನು ಕೇಳದೇ ಇದ್ರೂ ಅವರೇ ಮಾಡಿದ್ದು ಇದು. ನೀವು ಯಾರ ಹತ್ರ ಹಾಕ್ಸಿದ್ರೂ ಈ ಗಾಳಿ ಟೆಸ್ಟ್ ನಿಮ್ಮ ಕಣ್ಣೆದುರಿಗೆ ಮಾಡ್ಸಿ, ಮೈಕ್ರಾನ್ ಮೈಕ್ರಾನ್ ಅಂತ ಚೌಕಾಸಿ ಮಾಡ್ತೀವಿ, ನೀರು ಹೋಗೋದು ಶೀಟಿನ ಮಧ್ಯದಲ್ಲಲ್ಲ, ಜಾಯಿಂಟ್‌ನಲ್ಲಿ.

ಊಟದ ಹೊತ್ತಲ್ಲಿ ಮೇಸ್ತ್ರಿ ಬೇರೆ ಕಡೆ ಮಾಡಿದ ಕೆಲಸ ಹೇಳ್ತಿದ್ರು, ಫ್ಯಾಕ್ಟರಿಗಳ ಕೊಳಕು ನೀರಿನ ಹೊಂಡ, ಊರಿನ ಕಸ ಹೂಳೋ ಜಾಗ. ಕಸದ್ದಕ್ಕೆ 2016ರ ರೂಲ್ಸ್ ಪ್ರಕಾರ ಒಂದೂವರೆ ಮಿಲಿಮೀಟರ್ ಶೀಟು, ಅದರ ಕೆಳಗೆ 90 ಸೆಂಟಿಮೀಟರ್ ಜೇಡಿಮಣ್ಣು. ನಮ್ಮದು ಅರ್ಧ ಮಿಲಿಮೀಟರ್. ಅಪ್ಪನಿಗೆ ಇದು ಕೇಳಿ, ಕಸಕ್ಕೆ ಇರೋ ಮರ್ಯಾದೆ ನಮ್ಮ ನೀರಿಗಿಲ್ಲ ಅಂತ ಬೇಜಾರು.

ಈಗ ಕೈ ಕೊಟ್ಟಿದ್ದು. ಮಳೆ ನೀರು ಹೂಳು ಗುಂಡಿಯಿಂದ (ನೀರಿನ ಮಣ್ಣು ತಳಕ್ಕೆ ಕೂರೋ ಗುಂಡಿ) ಹೊಂಡಕ್ಕೆ ಬರೋಕೆ ಏರಿ ಒಳಗಿಂದ ಒಂದು ಪೈಪ್ ಬೇಕಿತ್ತು. ನಾನು ಪಿವಿಸಿ ಪೈಪ್ ತಂದಿಟ್ಟಿದ್ದೆ, "ಅಣ್ಣ, ಪಿವಿಸಿಗೆ ಇದು ಅಂಟಲ್ಲ, ಎಚ್‌ಡಿಪಿಇ ಪೈಪೇ ತನ್ನಿ" ಅಂದ್ರು, ಹಿರಿಯೂರಿಗೆ ಹೋಗಿ ತಂದೆ. ಬರೋ ಹೊತ್ತಿಗೆ ಸಂಜೆ ಆರೂವರೆ. ಅವರಿಗೆ ಮಾರನೇ ದಿನ ಬೇರೆ ಸೈಟು. ಮೊಬೈಲ್ ಟಾರ್ಚ್ ಹಿಡ್ಕೊಂಡು ಪೈಪ್ ಸುತ್ತ ಪ್ಲಾಸ್ಟಿಕ್ ಕರಗಿಸಿ ಸುರಿಯೋ ಗನ್‌ನಲ್ಲಿ ಬೆಸೆದು, ದುಡ್ಡು ಇಸ್ಕೊಂಡು ಹೋದ್ರು.

ಮಾರ್ಚ್ ಕೊನೆಗೆ ಹೊಂಡ ತುಂಬ್ತು, ಏಪ್ರಿಲ್‌ನಲ್ಲಿ ನೀರು ಇಳೀತಿರೋದು ಜಾಸ್ತಿ ಅನ್ನಿಸ್ತು. ಫೋನ್ ಮಾಡಿದ್ರೆ "ಬಿಸಿಲಿಗೆ ಆರುತ್ತೆ ಅಣ್ಣ" ಅನ್ನೋ ಉತ್ತರ. ಸರಿ, ಅಮ್ಮನ ಸ್ಟೀಲ್ ಬಕೆಟ್‌ಗೆ ನೀರು ತುಂಬಿ ಹಗ್ಗ ಕಟ್ಟಿ ಹೊಂಡದ ಅಂಚಲ್ಲೇ ನೀರಲ್ಲಿ ಇಳಿಬಿಟ್ಟೆ, ನಾಲ್ಕು ದಿನ ಮೋಟರೂ ಬಂದ್, ಡ್ರಿಪ್ಪೂ ಬಂದ್. ಬಕೆಟ್‌ನಲ್ಲಿ ಕಾಲು ಮೇಲೆ ಒಂದಿಂಚು ಇಳಿದಿತ್ತು, ಹೊಂಡದಲ್ಲಿ ಮೂರಿಂಚು. ಮಿಕ್ಕ ಒಂದೂಮುಕ್ಕಾಲು ಇಂಚು ಅಂದ್ರೆ ಸುಮಾರು 19 ಸಾವಿರ ಲೀಟರ್, ಬಿಸಿಲಿನ ಲೆಕ್ಕಕ್ಕೆ ಬರೋದಲ್ಲ. ಆಮೇಲೆ ಡ್ರಿಪ್‌ಗೆ ಬಿಡ್ತಾ ನೀರು ಪೈಪಿನ ಬುಡಕ್ಕಿಂತ ಕೆಳಗೆ ಹೋದ ಮೇಲೆ ಮತ್ತೆ ಅಳೆದ್ರೆ ಬಕೆಟ್ಟೂ ಹೊಂಡಾನೂ ಸಮ. ಅಲ್ಲಿಗೆ ಕಳ್ಳ ಸಿಕ್ಕಿದ.

ಮೂರು ಸಲ ಫೋನು, ಎರಡು ಸಲ ಫೋಟೋ, ಹದಿನೇಳನೇ ದಿನಕ್ಕೆ ಬಂದ್ರು. ಬಂದೋನು ಬೆರಳಲ್ಲಿ ಎಳೆದ, ಬೆಸುಗೆ ಹಳೇ ಗೋಡೆಯ ಸುಣ್ಣದ ಥರ ಪಟ್ಟಂತ ಎದ್ದು ಬಂತು. ಪೈಪಿನ ಮೇಲ್ಮೈ ಉಜ್ಜಿರ್ಲಿಲ್ಲ, ಆ ನುಣುಪನ್ನ ಗ್ರೈಂಡರ್‌ನಲ್ಲಿ ತೆಗೆದೇ ಬೆಸೀಬೇಕು, ಆ ಸಂಜೆ ಅವಸರದಲ್ಲಿ ಬಿಟ್ಟಿದ್ರು. ಈ ಸಲ ಉಜ್ಜಿ, ಹೊಸದಾಗಿ ಬೆಸೆದು, ಮೇಲೊಂದು ಸ್ಟೀಲ್ ಪಟ್ಟಿ ಬಿಗಿದ್ರು. ದುಡ್ಡು ಕೇಳ್ಲಿಲ್ಲ, ತಪ್ಪಾಯ್ತು ಅಂತ್ಲೂ ಅಂದ್ರು. ಅದಕ್ಕೇ ಹೆಸರು ಹಾಕ್ತಿಲ್ಲ.

ಇನ್ನೊಂದು ಬೇಜಾರು, ಕೊಟ್ಟ ಗ್ಯಾರಂಟಿ ಕಾಗದದಲ್ಲಿ ಶೀಟಿಗೆ ಮಾತ್ರ ಗ್ಯಾರಂಟಿ, ಬೆಸುಗೆಗೆ ಇಲ್ಲ, ನೀವು ಮೊದಲೇ ಓದಿ. ಹಗ್ಗ ಏಣಿ ಬಗ್ಗೆ ಒಂದು ಮಾತೂ ಹೇಳ್ಲಿಲ್ಲ. ಈ ಶೀಟು ನೆಂದ್ರೆ ಪಾಚಿ ಕಲ್ಲಿಗಿಂತ ಕಡೆ, ಈಜು ಬರೋನು ಬಿದ್ರೂ ಹತ್ತೋಕಾಗಲ್ಲ, ಕೃಷಿ ಹೊಂಡಕ್ಕೆ ಮಕ್ಕಳು ಬಿದ್ದ ಸುದ್ದಿ ಪೇಪರ್‌ನಲ್ಲಿ ಎಷ್ಟು ಸಲ ಓದಿಲ್ಲ. ನಾನೇ ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ಹಳೇ ಟೈರ್ ಕಟ್ಟಿ, ಸುತ್ತ ಬೇಲಿ ಹಾಕ್ಸಿದೆ. ಜೂನ್‌ನಲ್ಲಿ ನಮ್ಮ ನಾಯಿ ಬೇಲಿ ನುಸುಳಿ ಒಳಗೆ ಬಿದ್ದು ಟೈರ್ ಹಿಡ್ಕೊಂಡು ಮೇಲೆ ಬಂತು.

ಐದಕ್ಕೆ ಮೂರೂವರೆ ಕೊಡ್ತೀನಿ. ಮುಂದಿನ ವರ್ಷ ತಮ್ಮನ ಹೊಲದಲ್ಲಿ ಇನ್ನೊಂದು ಹೊಂಡ ಇದೆ, ಇವರನ್ನೇ ಕರೀತೀನಿ, ಪೈಪ್ ಕೆಲಸ ಮಾತ್ರ ಬೆಳಿಗ್ಗೆ ಹತ್ತು ಗಂಟೆಗೆ, ನಾನು ಗ್ರೈಂಡರ್ ಸದ್ದು ಕೇಳಿದ ಮೇಲೆ. ಬಕೆಟ್ ಇನ್ನೂ ಹೊಂಡದ ಹತ್ರಾನೇ ಇದೆ, ಅಮ್ಮ ದಿನಾ ಕೇಳ್ತಿದ್ದಾಳೆ.