ಇಎಸ್‌ಪಿ32 ಬೋರ್ಡಿಗೆ ಆರ್ಡುಯಿನೊ ಐಡಿಇ: ತೋಟದ ಮನೆಯಲ್ಲಿ ಅಳವಡಿಸಿದ ಅನುಭವ

ಸೋಮವಾರಪೇಟೆ ಬಳಿಯ ನಮ್ಮ ಕಾಫಿ ತೋಟದಲ್ಲಿ ಮಣ್ಣಿನ ತೇವಾಂಶ ಅಳೆಯುವ ಉಪಕರಣವೊಂದನ್ನು ಸ್ವತಃ ತಯಾರಿಸುವ ಉದ್ದೇಶದಿಂದ ಇಎಸ್‌ಪಿ32 ಬೋರ್ಡನ್ನು (ವೈಫೈ ಇರುವ ಪುಟ್ಟ ಕಂಪ್ಯೂಟರ್ ಹಲಗೆ) ತರಿಸಿ, ಅದಕ್ಕೆ ಪ್ರೋಗ್ರಾಂ ಬರೆಯಲು ಆರ್ಡುಯಿನೊ ಐಡಿಇಯ ಎರಡನೆಯ ಆವೃತ್ತಿಯನ್ನು ಲ್ಯಾಪ್‌ಟಾಪಿನಲ್ಲಿ ಅಳವಡಿಸಿಕೊಂಡೆ. ತಂತ್ರಾಂಶ ಉಚಿತ, ಅಳವಡಿಕೆಯೂ ಸುಲಭ. ಆದರೆ ಐಡಿಇಯೊಳಗಿನ ಬೋರ್ಡ್ಸ್ ಮ್ಯಾನೇಜರ್‌ನಿಂದ ಇಳಿಸಿಕೊಳ್ಳಬೇಕಾದ ಇಎಸ್‌ಪಿ32 ಕಡತಗಳು ನೂರಾರು ಎಂಬಿ ಗಾತ್ರದವಾದ್ದರಿಂದ, ಮಳೆಗಾಲದಲ್ಲಿ ಕರೆಂಟು ಹೋದೊಡನೆ ನೆಟ್‌ವರ್ಕೂ ಹೋಗುವ ನಮ್ಮಂಥ ಊರಿನವರು ಈ ಕೆಲಸವನ್ನು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಮುಗಿಸಿಕೊಂಡು ಬರುವುದು ಲೇಸು.

ನನ್ನನ್ನು ಎರಡು ದಿನ ಕಾಡಿದ್ದು ಕೇಬಲ್. ಬೋರ್ಡಿನ ಕೆಂಪು ದೀಪ ಉರಿಯುತ್ತಿದ್ದರೂ, ಜೋಡಿಸಿದ ಬೋರ್ಡನ್ನು ತೋರಿಸಬೇಕಾದ ಐಡಿಇಯ ಪೋರ್ಟ್ ಪಟ್ಟಿಯಲ್ಲಿ ಏನೂ ಕಾಣಲಿಲ್ಲ. ನಾನು ಬಳಸಿದ್ದ ಹಳೆಯ ಮೊಬೈಲ್ ಕೇಬಲ್ ಚಾರ್ಜಿಂಗಿಗಷ್ಟೇ ಆಗುವಂಥದ್ದು, ಅದರಲ್ಲಿ ಡೇಟಾ ತಂತಿಗಳೇ ಇರಲಿಲ್ಲ. ಕೇಬಲ್ ಬದಲಿಸಿ, ಬೋರ್ಡಿನ ಮೇಲಿರುವ, ಯುಎಸ್‌ಬಿ ಸಂಪರ್ಕ ನೋಡಿಕೊಳ್ಳುವ ಸಿಪಿ2102 ಚಿಪ್ಪಿನ ಡ್ರೈವರ್ ಹಾಕಿದ ಮೇಲೆ ಪೋರ್ಟ್ ಕಾಣಿಸಿತು. ಅಪ್‌ಲೋಡ್ ಮಾಡುವಾಗ ‘ಕನೆಕ್ಟಿಂಗ್’ ಎಂಬಲ್ಲಿ ಚುಕ್ಕಿಗಳು ಸಾಲುಗಟ್ಟಿ ನಿಂತರೆ ಬೋರ್ಡಿನ ಬೂಟ್ ಗುಂಡಿಯನ್ನು ಒತ್ತಿ ಹಿಡಿಯಬೇಕು. ಬೋರ್ಡು ಕಳಿಸುವ ಮಾಹಿತಿಯನ್ನು ತೆರೆಯ ಮೇಲೆ ತೋರಿಸುವ ಸೀರಿಯಲ್ ಮಾನಿಟರ್‌ನ ವೇಗ ಪ್ರೋಗ್ರಾಂನಲ್ಲಿ ಬರೆದ 115200ಕ್ಕೆ ಹೊಂದದಿದ್ದರೆ ಅರ್ಥವಿಲ್ಲದ ಅಕ್ಷರಗಳೇ ಬರುತ್ತವೆ.

ಹೊಸದಾಗಿ ಕಲಿಯುವವರಿಗೆ ನಾನು ಮನಸಾರೆ ಸೂಚಿಸುವುದು ಈ ಐಡಿಇಯನ್ನೇ. ತೇವಾಂಶದ ಸೆನ್ಸರ್ ಜೋಡಿಸುವವರು ಮಾತ್ರ ಎಡಿಸಿ1ರ (ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಎರಡು ಘಟಕಗಳಲ್ಲಿ ಮೊದಲನೆಯದರ) ಪಿನ್ನುಗಳನ್ನೇ ಆರಿಸಿಕೊಳ್ಳಲಿ; ವೈಫೈ ಚಾಲನೆಯಲ್ಲಿರುವಾಗ ಎಡಿಸಿ2ರ ಪಿನ್ನುಗಳಿಂದ ಅಳತೆ ಸರಿಯಾಗಿ ಸಿಗುವುದಿಲ್ಲ.