ಸ್ಕೂಲ್, ಮನೆಯವರು, ಮೈದಾನ, ಕ್ಯಾಮೆರಾ: ತಡವಾಗಿ ಪಾರ್ಕಿಂಗ್ ಕಲಿಯುವವರಿಗೆ ಯಾವುದು ಸರಿ?

ಐವತ್ತು ದಾಟಿದ ಮೇಲೆ ಕಾರು ಹಿಡಿದವರಿಗೆ ರಸ್ತೆ ಬೇಗ ಒಗ್ಗುತ್ತದೆ. ಸ್ಕೂಟರ್ ಓಡಿಸಿ ಅಭ್ಯಾಸ ಇದ್ದರಂತೂ ಇನ್ನೂ ಬೇಗ. ಎಲ್ಲಿ ಬ್ರೇಕ್ ಹಿಡಿಯಬೇಕು, ಯಾವ ಬಸ್ಸು ಯಾವ ಕಡೆಯಿಂದ ನುಗ್ಗುತ್ತದೆ ಅನ್ನುವುದು ಕಣ್ಣಿಗೆ ಮೊದಲೇ ಗೊತ್ತಿರುತ್ತದೆ. ಒಗ್ಗದೆ ಉಳಿಯುವುದು ಪಾರ್ಕಿಂಗ್. ಮೈಸೂರಿನಲ್ಲಿ ನನ್ನ ಓರಗೆಯ ಎಷ್ಟೋ ಹೆಂಗಸರು ಚೆನ್ನಾಗಿ ಕಾರು ಓಡಿಸುತ್ತಾರೆ. ಆದರೆ ದೇವರಾಜ ಅರಸು ರಸ್ತೆಗೆ ಹೋಗಬೇಕೆಂದರೆ ಆಟೋ ಹಿಡಿಯುತ್ತಾರೆ. ಟ್ರಾಫಿಕ್ಕಿಗೆ ಹೆದರಿ ಅಲ್ಲ. ಅಲ್ಲಿ ಕಾರನ್ನು ಹೇಗೆ ನಿಲ್ಲಿಸುವುದು ಅನ್ನುವ ಚಿಂತೆಗೆ.

ನನ್ನ ಹತ್ತಿರ ಲೈಸೆನ್ಸ್ ಹಳೆಯದೇ ಇತ್ತು. ಕಾರು ಮಾತ್ರ ನಿವೃತ್ತಿ ಆದ ಮೇಲೆ ಕೈಗೆ ಬಂತು. ಪಾರ್ಕಿಂಗ್ ಕಲಿಯಲು ಡ್ರೈವಿಂಗ್ ಸ್ಕೂಲಿಗೆ ಹೋದೆ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡೆ, ಖಾಲಿ ಮೈದಾನದಲ್ಲಿ ಒಬ್ಬಳೇ ಅಭ್ಯಾಸ ಮಾಡಿದೆ, ಕ್ಯಾಮೆರಾನೂ ಹಾಕಿಸಿದೆ. ನಾಲ್ಕನ್ನೂ ನಾನು ಅಳೆದಿದ್ದು ಒಂದೇ ಪ್ರಶ್ನೆಯಿಂದ: ಕಾರನ್ನು ಅರ್ಧದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಇಳಿದು ಹಿಂದೆ ಹೋಗಿ ನೋಡುವುದಕ್ಕೆ ಅಲ್ಲಿ ಅವಕಾಶ ಇದೆಯಾ? ನಮ್ಮ ವಯಸ್ಸಿನವರಿಗೆ ಕೈ ಬೇಗ ಕಲಿಯುವುದಿಲ್ಲ, ಆದರೆ ಕಣ್ಣಾರೆ ಕಂಡು ಅರ್ಥ ಮಾಡಿಕೊಂಡಿದ್ದು ಮರೆಯುವುದೂ ಇಲ್ಲ. ಅದಕ್ಕೇ ಈ ಪ್ರಶ್ನೆ ನನಗೆ ಮುಖ್ಯ.

ಮೊದಲು ಡ್ರೈವಿಂಗ್ ಸ್ಕೂಲು. ಇದರ ದೊಡ್ಡ ಅನುಕೂಲ ಪಕ್ಕದ ಸೀಟಿನ ಕೆಳಗೂ ಇರುವ ಪೆಡಲ್‌ಗಳು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ತರಬೇತಿ ಕಾರಿನಲ್ಲಿ ಈ ಡ್ಯುಯಲ್ ಕಂಟ್ರೋಲ್ ಇರಲೇಬೇಕು. ಪಕ್ಕದವರ ಕಾಲು ಬ್ರೇಕಿನ ಮೇಲಿದೆ ಎಂದು ಗೊತ್ತಾದರೆ ಎದೆ ಹೊಡೆದುಕೊಳ್ಳುವುದು ಅರ್ಧ ಕಡಿಮೆಯಾಗುತ್ತದೆ. ಹಾಫ್ ಕ್ಲಚ್‌ನಲ್ಲಿ ಕಾರನ್ನು ತೆವಳಿಸುವುದು ನಾನು ಕಲಿತಿದ್ದು ಅಲ್ಲೇ. ಅದನ್ನು ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಿಕೊಡಲಿಲ್ಲ.

ಪಾರ್ಕಿಂಗ್ ಮಾತ್ರ ಅಲ್ಲಿ ಬಾಯಿಪಾಠ. 'ಲೆಫ್ಟ್ ಫುಲ್ ಕಟ್ ಮಾಡಿ ಮೇಡಂ, ಬರ್ಲಿ, ಈಗ ನೇರ ಮಾಡಿ, ಈಗ ರೈಟ್ ಫುಲ್.' ಅವರು ಹೇಳಿದ ಹಾಗೆ ತಿರುಗಿಸಿದರೆ ಕಾರು ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಯಾಕೆ ಕೂತಿತು ಅನ್ನುವುದು ಗೊತ್ತಾಗುವುದಿಲ್ಲ. ಅವರು ಹೇಳುವ ಗುರುತುಗಳೂ ಅವರ ಕಾರಿನವು. ಹಿಂದಿನ ಗಾಜಿನ ಮೂಲೆಯಲ್ಲಿ ಕಂಬ ಕಂಡಾಗ ತಿರುಗಿಸಿ ಅಂತ ಕಲಿತದ್ದು ಮನೆಯ ಕಾರಿಗೆ ಹೊಂದುವುದಿಲ್ಲ. ಹೊಸ ಲೈಸೆನ್ಸ್ ಬೇಕಾದವರು, ಟೆಸ್ಟ್ ಟ್ರ್ಯಾಕಿನಲ್ಲಿ ರಿವರ್ಸ್ ಹೊಡೆದು ತೋರಿಸಬೇಕಾದವರು ಸ್ಕೂಲಿಗೆ ಹೋಗಲೇಬೇಕು ಅನ್ನುತ್ತೇನೆ. ಲೈಸೆನ್ಸ್ ಇದ್ದು ಧೈರ್ಯ ಇಲ್ಲದವರಿಗೆ ಅದು ಆರಂಭಕ್ಕೆ ಮಾತ್ರ ಸಾಕು. ಹೋಗುವುದಾದರೆ ಒಂದು ಮಾತು ಮೊದಲೇ ಕೇಳಿ: ಕೊನೆಯ ಕೆಲವು ಕ್ಲಾಸುಗಳನ್ನು ನನ್ನ ಸ್ವಂತ ಕಾರಿನಲ್ಲಿ ಮಾಡುತ್ತೀರಾ? ಒಪ್ಪುವವರು ಇದ್ದಾರೆ.

ಮನೆಯವರ ಹತ್ತಿರ ಕಲಿಯುವ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಯಜಮಾನರಿಗೆ ಹಳೇ ಅನುಭವ, ಕೈ ತಾನಾಗಿ ತಿರುಗುತ್ತದೆ. ಅದನ್ನು ಬಿಡಿಸಿ ಹೇಳು ಅಂದರೆ ಕಷ್ಟ. 'ಅಂದಾಜು ಬರುತ್ತೆ, ಸುಮ್ನೆ ಹಾಕು' ಅಂತಾರೆ. ಆ ಅಂದಾಜೇ ಅಲ್ವಾ ನಮಗೆ ಬೇಕಾಗಿರುವುದು? ಮಗಳು ಹೇಳಿಕೊಟ್ಟಾಗ ಸಮಾಧಾನ ಜಾಸ್ತಿ ಇತ್ತು. 'ಅಮ್ಮ, ನಿಧಾನ, ಯಾರೂ ಕಾಯ್ತಿಲ್ಲ' ಅನ್ನುತ್ತಿದ್ದಳು. ಆ ಮಾತು ನಿಜವಾಗಿ ನೆರವಾಯಿತು. ಆದರೂ ಮನೆಯವರು ಕಾರಿನೊಳಗೆ ಕೂರುವುದಕ್ಕಿಂತ ಹೊರಗೆ ನಿಂತರೆ ಉಪಯೋಗ ಜಾಸ್ತಿ. ಅವರು ಹೊರಗೆ ನಿಂತು 'ಇನ್ನು ಎರಡು ಅಡಿ ಇದೆ' ಅಂತ ಅಳತೆ ಹೇಳಬೇಕು, ಸ್ಟೇರಿಂಗ್ ಯಾವ ಕಡೆ ಅಂತ ಹೇಳಬಾರದು.

ಈಗ ಮೈದಾನ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಇದೇ. ಒಂದು ಎಚ್ಚರಿಕೆ ಮೊದಲು: ಒಬ್ಬರೇ ಅಭ್ಯಾಸ ಮಾಡುವುದು ಪಕ್ಕಾ ಲೈಸೆನ್ಸ್ ಇರುವವರಿಗೆ ಮಾತ್ರ. ಎಲ್ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಇದ್ದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು, ಎಲ್ ಬೋರ್ಡ್ ಇರಬೇಕು. ಹಳೆಯ ಲೈಸೆನ್ಸ್ ಇರುವವರು ಅವಧಿ ಮುಗಿದಿದೆಯಾ ನೋಡಿಕೊಳ್ಳಿ. ಐವತ್ತೈದು ದಾಟಿದ ಮೇಲೆ ನವೀಕರಣ ಸಿಗುವುದು 5 ವರ್ಷಕ್ಕೆ. ನಲವತ್ತು ದಾಟಿದವರಿಗೆ ಫಾರಂ 1ಎ, ಅಂದರೆ ವೈದ್ಯರ ಸರ್ಟಿಫಿಕೇಟ್ ಕೂಡ ಬೇಕು.

ಬೇಕಾದ ಸಾಮಾನು ಕಡಿಮೆ. ಅಳತೆ ಟೇಪು, ಖೋಖೋ ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿ, ಎತ್ತರದ ರಟ್ಟಿನ ಡಬ್ಬಗಳು. ಇಟ್ಟಿಗೆ ಬೇಡ. ಸೀಟಿನಲ್ಲಿ ಕೂತರೆ ಅದು ಕಾಣುವುದೇ ಇಲ್ಲ, ತಗುಲಿದರೆ ಬಂಪರ್ ಹಾಳು. ಡಬ್ಬವನ್ನು ಒಂದರ ಮೇಲೊಂದು ಇಟ್ಟು, ಗಾಳಿಗೆ ಹಾರದ ಹಾಗೆ ಕೆಳಗಿನದರಲ್ಲಿ ಸ್ವಲ್ಪ ಮರಳು ಹಾಕಿದರೆ ಸಾಕು. ನೆಲದ ಮೇಲೆ 5 ಮೀಟರ್ ಉದ್ದ, 2.5 ಮೀಟರ್ ಅಗಲದ ಚೌಕ ಬರೆಯಿರಿ. ಪಾರ್ಕಿಂಗ್ ಜಾಗಕ್ಕೆ ಸಾಮಾನ್ಯವಾಗಿ ಬಳಸುವ ಅಳತೆ ಅದು. ನಮ್ಮದು ವ್ಯಾಗನ್ಆರ್. 3,655 ಮಿಲಿಮೀಟರ್ ಉದ್ದ, 1,620 ಮಿಲಿಮೀಟರ್ ಅಗಲ. ಲೆಕ್ಕ ಹಾಕಿದರೆ ಎರಡೂ ಪಕ್ಕದಲ್ಲಿ 44 ಸೆಂಟಿಮೀಟರ್ ಉಳಿಯುತ್ತದೆ, ಉದ್ದಕ್ಕೆ 1.3 ಮೀಟರ್‌ಗಿಂತ ಜಾಸ್ತಿ. ಈ ಲೆಕ್ಕ ಕಾಗದದ ಮೇಲೆ ಬರೆದು ನೋಡಿದಾಗಲೇ ನನ್ನ ಅರ್ಧ ಭಯ ಹೋಯಿತು. ಸಿಕ್ಕಿಕೊಳ್ಳುವಷ್ಟು ಇಕ್ಕಟ್ಟು ಅಂದುಕೊಂಡಿದ್ದ ಜಾಗದಲ್ಲಿ ನಿಜವಾಗಿ ಇಷ್ಟು ಬಿಡುವಿದೆ.

ಅಲ್ಲಿ ಮಾಡಬೇಕಾದದ್ದು ಗುರುತು ಹುಡುಕುವ ಕೆಲಸ. ಹಿಂದಿನ ಡಬ್ಬದಿಂದ ಸರಿಯಾಗಿ ಎರಡು ಅಡಿ ದೂರ ಅನ್ನಿಸಿದಾಗ ಕಾರು ನಿಲ್ಲಿಸಿ. ಇಳಿದು ಟೇಪು ಹಿಡಿದು ನೋಡಿ. ಐದು ಅಡಿ ಇದ್ದರೆ ಮತ್ತೆ ಹತ್ತಿ, ಹಿಂದಕ್ಕೆ ತನ್ನಿ, ಮತ್ತೆ ಇಳಿಯಿರಿ. ಎರಡು ಅಡಿ ಬಂದಾಗ ಮಿರರಿನಲ್ಲಿ ಆ ಡಬ್ಬ ಎಲ್ಲಿ ಕಾಣುತ್ತದೆ ಅಂತ ನೋಡಿಟ್ಟುಕೊಳ್ಳಿ. ಎಡಗಡೆ ಮಿರರನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿದರೆ ಹಿಂದಿನ ಚಕ್ರ ಮತ್ತು ಸುಣ್ಣದ ಗೆರೆ ಎರಡೂ ಒಟ್ಟಿಗೆ ಕಾಣುತ್ತವೆ. ಅಭ್ಯಾಸ ಆದ ಮೇಲೆ ರಸ್ತೆಗೆ ಇಳಿಯುವ ಮುಂಚೆ ಅದನ್ನು ಮೇಲಕ್ಕೆ ಎತ್ತಿ.

ಸ್ಟೇರಿಂಗ್ ಯಾಕೆ ಹಾಗೆ ನಡೆದುಕೊಳ್ಳುತ್ತದೆ ಅನ್ನುವುದೂ ಮೈದಾನದಲ್ಲೇ ತಿಳಿಯುತ್ತದೆ. ತಿರುಗುವುದು ಮುಂದಿನ ಚಕ್ರ ಮಾತ್ರ. ಮುಂದಕ್ಕೆ ಹೋಗುತ್ತಾ ತಿರುಗಿಸಿದರೆ ಹಿಂದಿನ ಚಕ್ರ ಒಳಗಿನ ಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ. ಪಿಲ್ಲರ್ ಪಕ್ಕ ಹಿಂದಿನ ಬಾಗಿಲು ಉಜ್ಜಿಹೋಗುವುದು ಇದರಿಂದಲೇ. ಹಿಂದಕ್ಕೆ ಬರುವಾಗ ಮೂತಿ ಹೊರಕ್ಕೆ ಬೀಸುತ್ತದೆ, ಆಗ ಎದುರಿನ ಮೂಲೆ ನೋಡಬೇಕು. ನಾನು ಸುಣ್ಣದ ಮೇಲೆ ಕಾರು ಓಡಿಸಿ, ಇಳಿದು ಚಕ್ರದ ಗುರುತು ನೋಡಿದೆ. ಮುಂದಿನ ಚಕ್ರದ ಗೆರೆ ಒಂದು, ಹಿಂದಿನದು ಇನ್ನೊಂದು, ಎರಡರ ನಡುವೆ ಇಷ್ಟು ಅಂತರ. ಯಾರ ವಿವರಣೆಯೂ ಬೇಕಾಗಲಿಲ್ಲ. ಇದಕ್ಕೆ ದುಡ್ಡೂ ಖರ್ಚಿಲ್ಲ. ಮೈದಾನದ ಕೊರತೆ ಒಂದೇ: ಅಲ್ಲಿ ಹಿಂದಿನಿಂದ ಹಾರನ್ ಹೊಡೆಯುವವರಿಲ್ಲ. ಆ ಒತ್ತಡವನ್ನು ಬೇರೆ ಕಡೆ ಅಭ್ಯಾಸ ಮಾಡಿಕೊಳ್ಳಬೇಕು. ನಾನು ಅದಕ್ಕೆ ಚಾಮುಂಡಿ ಬೆಟ್ಟದ ಮೇಲಿನ ಬಹುಮಹಡಿ ಪಾರ್ಕಿಂಗ್‌ಗೆ ಹೋದೆ, ವಾರದ ನಡುವೆ, ಜನ ಕಡಿಮೆ ಇರುವ ಹೊತ್ತಿನಲ್ಲಿ. ಇಳಿಜಾರು, ಪಿಲ್ಲರು, ಗೆರೆ, ಎಲ್ಲಾ ಒಂದೇ ಕಡೆ ಸಿಗುತ್ತದೆ.

ಸೆನ್ಸರ್ ಮತ್ತು ಕ್ಯಾಮೆರಾ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ವಾದ ಜಾಸ್ತಿ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಹಿಂದಿನ ಸೆನ್ಸರ್ ಕಡ್ಡಾಯ. ಹಾಗಾಗಿ ಬೀಪ್ ಸದ್ದು ಈಗ ಬಹಳ ಕಾರುಗಳಲ್ಲಿ ಇದೆ. ಗೋಡೆ, ಇನ್ನೊಂದು ಕಾರು, ದಪ್ಪ ಪಿಲ್ಲರ್ ಇವನ್ನು ಸೆನ್ಸರ್ ಚೆನ್ನಾಗಿ ಹಿಡಿಯುತ್ತದೆ. ತೆಳ್ಳಗಿನ ಕಬ್ಬಿಣದ ಕಂಬಿ, ತಗ್ಗಾದ ಕಲ್ಲು, ಚರಂಡಿಯ ಅಂಚು ಇವು ತಪ್ಪಿಸಿಕೊಳ್ಳುತ್ತವೆ. ನಮ್ಮ ಬಡಾವಣೆಗಳಲ್ಲಿ ಮನೆ ಮುಂದೆ ಇರುವುದೇ ಇವು. ಬೀಪ್ ಕೇಳಿಸಲಿಲ್ಲ ಅಂದರೆ ಹಿಂದೆ ಏನೂ ಇಲ್ಲ ಅಂತಲ್ಲ.

ಕ್ಯಾಮೆರಾವನ್ನು ನಾವು ಬಿಡಿಭಾಗದ ಅಂಗಡಿಯಲ್ಲಿ ಹಾಕಿಸಿದೆವು. ಹೀಗೆ ಹೊರಗೆ ಹಾಕಿಸುವ ಎಷ್ಟೋ ಕ್ಯಾಮೆರಾಗಳಲ್ಲಿ ಪರದೆ ಮೇಲಿನ ಗೆರೆಗಳು ಸ್ಟೇರಿಂಗ್ ಜೊತೆ ಬಾಗುವುದಿಲ್ಲ, ನೆಟ್ಟಗೇ ಇರುತ್ತವೆ. ಕಾರು ಎತ್ತ ಹೋಗುತ್ತದೆ ಅಂತ ಅದು ಹೇಳುವುದಿಲ್ಲ. ಮಳೆಗಾಲದಲ್ಲಿ ಕೆಸರು ಹಾರಿ ಲೆನ್ಸ್ ಮಬ್ಬಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಕ್ಯಾಮೆರಾ ನೋಡುವುದು ಹಿಂದಕ್ಕೆ. ರಿವರ್ಸ್‌ನಲ್ಲಿ ಹೊರಕ್ಕೆ ಬೀಸುವ ಮೂತಿಯನ್ನು ಅದು ತೋರಿಸುವುದಿಲ್ಲ. ಆದರೆ ಒಂದು ವಿಷಯಕ್ಕೆ ನಾನು ಕ್ಯಾಮೆರಾ ಪರವಾಗಿ ಗಟ್ಟಿಯಾಗಿ ನಿಲ್ಲುತ್ತೇನೆ: ಕಾರಿನ ಹಿಂದೆ ಕೂತಿರುವ ಮಗು ಅಥವಾ ನಾಯಿ ಮಿರರಿನಲ್ಲಿ ಕಾಣುವುದಿಲ್ಲ, ಕ್ಯಾಮೆರಾದಲ್ಲಿ ಕಾಣುತ್ತದೆ. ಅದಕ್ಕಾಗಿಯೇ ಹಾಕಿಸಬಹುದು. ಕುತ್ತಿಗೆ ನೋವಿದ್ದು ಹಿಂದಕ್ಕೆ ತಿರುಗಲು ಆಗದವರಿಗೂ ಅದು ದೊಡ್ಡ ಆಸರೆ.

ಕಲಿಯುವುದು ಮಾತ್ರ ಮಿರರಿನಿಂದ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ವಯಸ್ಸಿನ ಒಂದು ವಿಷಯ ಇದೆ, ಇದನ್ನು ನನಗೆ ಯಾರೂ ಮೊದಲು ಹೇಳಿರಲಿಲ್ಲ. ಪ್ರೋಗ್ರೆಸಿವ್ ಕನ್ನಡಕ ಹಾಕುವವರಿಗೆ ಗಾಜಿನ ಮೇಲ್ಭಾಗದಲ್ಲಿ ದೂರದ್ದು, ಕೆಳಭಾಗದಲ್ಲಿ ಹತ್ತಿರದ್ದು ಸ್ಪಷ್ಟ. ಗಾಜಿನ ಎರಡೂ ಅಂಚಿನಲ್ಲಿ ಮಾತ್ರ ಮಸುಕು. ಕಣ್ಣು ಮಾತ್ರ ಹೊರಳಿಸಿ ಸೈಡ್ ಮಿರರ್ ನೋಡಿದರೆ ಗೆರೆ ಅಲುಗಿದ ಹಾಗೆ ಕಾಣುವುದು ಅದಕ್ಕೇ. ತಲೆಯನ್ನೇ ಮಿರರ್ ಕಡೆ ತಿರುಗಿಸಬೇಕು. ಕ್ಯಾಮೆರಾ ಪರದೆ ತೋಳಳತೆಯ ದೂರದಲ್ಲಿ ಇರುತ್ತದೆ. ಮಿರರ್, ಪರದೆ, ಮತ್ತೆ ಮಿರರ್ ಅಂತ ಪ್ರತಿ ಸಲ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಕಾರು ಚಲಿಸಬಾರದು. ಒಂದನ್ನು ನೋಡಿ, ನಿಲ್ಲಿಸಿ, ಇನ್ನೊಂದನ್ನು ನೋಡಿ. ಬೇಸ್‌ಮೆಂಟಿಗೆ ಇಳಿದಾಗಲೂ ಹೀಗೇ. ಬಿಸಿಲಿನಿಂದ ಕತ್ತಲಿಗೆ ಬಂದ ಕಣ್ಣು ಹೊಂದಿಕೊಳ್ಳಲು ವಯಸ್ಸಾದಂತೆ ಜಾಸ್ತಿ ಸಮಯ ತೆಗೆದುಕೊಳ್ಳುತ್ತದೆ. ರ‍್ಯಾಂಪ್ ಇಳಿದ ಮೇಲೆ, ಹಿಂದೆ ಯಾರೂ ಇಲ್ಲದಿದ್ದರೆ, ಹೆಡ್‌ಲೈಟ್ ಹಾಕಿ ಸ್ವಲ್ಪ ನಿಂತು ಮುಂದೆ ಹೋಗಿ.

ಮೂತಿ ಒಳಗೆ ಹಾಕುವುದಾ, ಹಿಂಭಾಗ ಒಳಗೆ ಹಾಕುವುದಾ? ಹೊಸಬರೆಲ್ಲ ಮೂತಿ ಹಾಕುತ್ತಾರೆ, ಸುಲಭ ಅನ್ನಿಸುತ್ತದೆ. ಆಮೇಲೆ ಹೊರಗೆ ಬರುವಾಗ ಓಡಾಡುವ ಜನ, ಗಾಡಿಗಳ ನಡುವೆ ಏನೂ ಕಾಣದೆ ರಿವರ್ಸ್ ಬರಬೇಕು. ಬೆಂಗಳೂರಿನಲ್ಲಿ ಮಗಳ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡನ್ನೂ ಮಾಡಿ ನೋಡಿದೆ. ಎರಡು ಪಿಲ್ಲರ್ ನಡುವಿನ ಜಾಗಕ್ಕೆ ರಿವರ್ಸ್ ಹಾಕುವುದೇ ಸುಲಭ, ಯಾಕೆಂದರೆ ತಿರುಗುವ ಚಕ್ರಗಳು ಖಾಲಿ ಜಾಗದ ಕಡೆ ಇರುತ್ತವೆ, ಕೊನೆಯ ಕ್ಷಣದವರೆಗೂ ಕಾರನ್ನು ಸರಿಪಡಿಸಬಹುದು. ಡಿಕ್ಕಿಗೆ ತರಕಾರಿ ಚೀಲ ತುಂಬುವುದಿದ್ದರೆ ಮಾತ್ರ ಮೂತಿ ಒಳಗೆ.

ರಸ್ತೆ ಪಕ್ಕ ಎರಡು ಕಾರಿನ ನಡುವೆ ಹಾಕುವುದು ಬೇರೆ ವಿದ್ಯೆ. ಕಾರಿನ ಉದ್ದಕ್ಕಿಂತ ಒಂದೂವರೆ ಮೀಟರ್ ಜಾಸ್ತಿ ಜಾಗ ಇದ್ದರೆ ನಾನು ಹಾಕುತ್ತೇನೆ, ಇಲ್ಲದಿದ್ದರೆ ಮುಂದೆ ಹೋಗುತ್ತೇನೆ. ಸಮ ದಿನ ಒಂದು ಪಕ್ಕ, ಬೆಸ ದಿನ ಇನ್ನೊಂದು ಪಕ್ಕ ಅಂತ ಬೋರ್ಡ್ ಇರುವ ಒನ್‌ವೇ ರಸ್ತೆಗಳಲ್ಲಿ ಬಲಗಡೆಯೂ ಹಾಕಬೇಕಾಗುತ್ತದೆ. ಆಗ ಕಲಿತ ಗುರುತುಗಳೆಲ್ಲ ಅದಲುಬದಲು. ಸ್ಕೂಲಿನಲ್ಲಿ ಇದನ್ನು ಹೇಳಿಕೊಡಲಿಲ್ಲ. ಮೈದಾನದಲ್ಲಿ ಡಬ್ಬಗಳನ್ನು ಬಲಕ್ಕೆ ಜರುಗಿಸಿ ಕಲಿಯಬಹುದು. ಬಲಗಡೆ ಚರಂಡಿ ಅಂಚು ಕಿಟಕಿಯಿಂದಲೇ ಕಾಣುವುದರಿಂದ ನನಗೆ ಅದೇ ಹಗುರ ಅನ್ನಿಸಿತು.

ಹೊಸ ಕಾರು ಕೊಳ್ಳುವ ಯೋಚನೆ ಇದ್ದರೆ ಗೇರಿನದಾ, ಆಟೋಮ್ಯಾಟಿಕ್ಕಾ ಅನ್ನುವ ಪ್ರಶ್ನೆ ಬರುತ್ತದೆ. ಪಾರ್ಕಿಂಗ್ ಒಂದನ್ನೇ ನೋಡಿದರೆ ನಾನು ಆಟೋಮ್ಯಾಟಿಕ್ ಅನ್ನುತ್ತೇನೆ. ಕ್ಲಚ್ಚಿನ ಕಾಳಜಿ ಇಲ್ಲದಿದ್ದರೆ ಗಮನವೆಲ್ಲ ಮಿರರಿಗೆ ಸಿಗುತ್ತದೆ, ಮಂಡಿ ನೋವಿರುವವರಿಗೆ ಹೇಳುವುದೇ ಬೇಡ. ಆದರೆ ಎಲ್ಲಾ ಆಟೋಮ್ಯಾಟಿಕ್ ಒಂದೇ ಥರ ತೆವಳುವುದಿಲ್ಲ. ಕಡಿಮೆ ಬೆಲೆಯ ಕಾರುಗಳಲ್ಲಿ ಬರುವ ಎಎಂಟಿ, ಅಂದರೆ ಮಾಮೂಲಿ ಗೇರ್‌ಬಾಕ್ಸಿನಲ್ಲೇ ಕ್ಲಚ್, ಗೇರ್ ಕೆಲಸವನ್ನು ಯಂತ್ರ ಮಾಡುವಂಥದ್ದು, ಇಂಚು ಇಂಚಾಗಿ ಸರಿಯುವಾಗ ಕೆಲವೊಮ್ಮೆ ಜಗ್ಗುತ್ತದೆ. ಸಿವಿಟಿ, ಟಾರ್ಕ್ ಕನ್ವರ್ಟರ್ ಅನ್ನುವ ಬೇರೆ ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವವು ನಯವಾಗಿ ಸರಿಯುತ್ತವೆ, ಬೆಲೆಯೂ ಜಾಸ್ತಿ. ರ‍್ಯಾಂಪಿನಲ್ಲಿ ಹಿಂದಕ್ಕೆ ಜಾರದಂತೆ ಹಿಲ್ ಹೋಲ್ಡ್ ಇದೆಯಾ ಅಂತ ಕೇಳಿ. ಟೆಸ್ಟ್ ಡ್ರೈವ್ ಕೊಟ್ಟಾಗ ರಿಂಗ್ ರೋಡಿನಲ್ಲಿ ಓಡಿಸಿ ಬಂದರೆ ಸಾಲದು. ಶೋರೂಮಿನ ಪಾರ್ಕಿಂಗಿನಲ್ಲೇ ಎರಡು ಕಾರಿನ ನಡುವೆ ರಿವರ್ಸ್ ಹಾಕಿ ನೋಡಿ. ಸೀಟು ಎತ್ತರಿಸಿದಾಗ ಹಿಂದಿನ ಗಾಜು ಪೂರ್ತಿ ಕಾಣುತ್ತದಾ, ಎಡ ಮಿರರನ್ನು ಕೂತಲ್ಲಿಂದಲೇ ಬಗ್ಗಿಸಬಹುದಾ, ಬಿಸಿಲಿನಲ್ಲಿ ಪರದೆ ಓದಲು ಬರುತ್ತದಾ ಎಂದು ನಿಮ್ಮ ಕನ್ನಡಕ ಹಾಕಿಕೊಂಡೇ ಪರೀಕ್ಷಿಸಿ. ಪಕ್ಕದಲ್ಲಿ ಕೂತ ಸೇಲ್ಸ್ ಹುಡುಗ ಅವಸರ ಮಾಡಿದರೆ, ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ.