ಕಳ್ಳನ ಪಾತ್ರ ಜೇಬಿಗೆ ಕೈ ಹಾಕಿದರೆ ಯಾವ ದಾಳ?

ಕಲಬುರಗಿಯ ಗೆಳೆಯರೊಬ್ಬರು ಕೇಳಿದ್ದು: ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ (ಪಾತ್ರ ವಹಿಸಿ, ದಾಳ ಹಾಕಿ ಕಥೆ ಕಟ್ಟುವ ಆಟ) ಜೇಬುಗಳ್ಳತನಕ್ಕೆ ಹಳೇ ಶೇಕಡಾ ಲೆಕ್ಕವಾ, ಈಗಿನ ಇಪ್ಪತ್ತು ಮುಖದ ದಾಳವಾ?

ಬೇಗ ಮುಗೀಬೇಕಂದ್ರೆ ಈಗಿನದು. ಕಳ್ಳ ಕೈಚಳಕಕ್ಕೆ ದಾಳ ಹಾಕುತ್ತಾನೆ, ಅದಕ್ಕೆ ಹೋಲಿಸೋ ಎದುರಿನವನ ಗಮನದ ಅಂಕೆ ಮೊದಲೇ ಬರೆದಿರುತ್ತದೆ. ಸೋತರೆ ಏನಾಗುತ್ತೆ ಅನ್ನೋದು ಮಾತ್ರ ಆಟ ನಡೆಸುವವರ ತಲೆನೋವು.

ಹಳೇ ಶೇಕಡಾ ಲೆಕ್ಕದಲ್ಲಿ, ಅಂದರೆ 1978ರ ನಿಯಮದಲ್ಲಿ, ಅದು ಸ್ಪಷ್ಟ. ಮೊದಲ ಹಂತದ ಕಳ್ಳನಿಗೆ ಮೂಲ ಅವಕಾಶ ಶೇ 30, ಅಂದರೆ ನೂರರ ದಾಳದಲ್ಲಿ 30 ಅಥವಾ ಕಮ್ಮಿ ಬಿದ್ದರೆ ಗೆಲುವು. ದಾಳ 45 ಬಿದ್ದರೆ ಕೈ ಖಾಲಿ, ಆದರೆ ಯಾರಿಗೂ ಗೊತ್ತಾಗಲ್ಲ. 51 ಅಥವಾ ಜಾಸ್ತಿ ಬಿತ್ತಾ, ಸಿಕ್ಕಿಬಿದ್ದ! ಶರಣಬಸವೇಶ್ವರ ಜಾತ್ರೆಯಂಥ ಗದ್ದಲದಲ್ಲಿ ಕಥೆ ನಡೀತಿದ್ದರೆ ಈ ನಡುವಿನ ಅಂತರವೇ ಮಜಾ. ಈ ಶೇಕಡಾಗಳ ಪಟ್ಟಿ ನೋಡೋ ತಾಳ್ಮೆ ಬೇಕು, ಅಷ್ಟೇ.

ಜೊತೆಗಾರರ ಜೇಬಿಗೇ ಕೈ ಹಾಕುವ ಆಟಗಾರನಿದ್ದರೆ ಎರಡೂ ಬೇಡ. ದಾಳಕ್ಕಿಂತ ಮೊದಲು ಆ ಜೊತೆಗಾರನನ್ನು ಕೇಳಿ.